‘ಸಿ.ಟಿ. ನಾರ್ಮಲ್’ ಎನ್ನುವ ಮುನ್ನ

ಬೈಕಿನಿಂದ ಬಿದ್ದವರನ್ನು ತುರ್ತು ವಿಭಾಗಕ್ಕೆ ತಂದ ಕೂಡಲೇ ಇಂದು ಕೇಳಿಬರುವ ಮೊದಲ ಮಾತು ‘ಸಿ.ಟಿ. ಮಾಡಿಸಿ’. ಕೆಲವೇ ನಿಮಿಷಗಳಲ್ಲಿ ತಲೆಬುರುಡೆಯ ಒಳಗಿನ ಸ್ಥಿತಿ ತೆರೆಯ ಮೇಲೆ ಬರುತ್ತದೆ. ರಕ್ತ ಎಲ್ಲಿ ಹೆಪ್ಪುಗಟ್ಟಿದೆ, ಮಿದುಳು ಎಷ್ಟು ಊದಿಕೊಂಡಿದೆ, ತನ್ನ ನಡುಗೆರೆಯಿಂದ ಯಾವ ಪಕ್ಕಕ್ಕೆ ಸರಿದಿದೆ ಎಂಬುದೆಲ್ಲ ಕಾಣುತ್ತದೆ. ಆಪರೇಷನ್ ಬೇಕೋ ಬೇಡವೋ ಎಂಬ ತೀರ್ಮಾನ ಬಹುಮಟ್ಟಿಗೆ ಅಲ್ಲಿಯೇ ಆಗಿಬಿಡುತ್ತದೆ. 1971ರ ಅಕ್ಟೋಬರ್‌ಗೆ ಮೊದಲು ಜಗತ್ತಿನ ಎಷ್ಟೇ ದೊಡ್ಡ ಆಸ್ಪತ್ರೆಗೆ ಹೋದರೂ, ಎಷ್ಟೇ ಹಣ ಸುರಿದರೂ ಇದು ಸಿಗುತ್ತಿರಲಿಲ್ಲ.

1895ರಲ್ಲಿ ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದ ಮೇಲೆ ಕೈಕಾಲಿನ ಮುರಿತ ನೋಡುವುದು ಸುಲಭವಾಯಿತು. ತಲೆಯ ವಿಷಯದಲ್ಲಿ ಹಾಗಾಗಲಿಲ್ಲ. ಎಕ್ಸ್-ರೇಗೆ ಬುರುಡೆಯ ಮೂಳೆ ಕಾಣುತ್ತದೆ. ಅದರೊಳಗಿನ ಮೆತ್ತನೆಯ ಮಿದುಳು, ಅದನ್ನು ಸುತ್ತುವರಿದ ದ್ರವ, ಒಡೆದ ರಕ್ತನಾಳದಿಂದ ಸೋರಿದ ರಕ್ತ ಎಲ್ಲವೂ ಒಂದೇ ಬೂದುಬಣ್ಣದಲ್ಲಿ ಕಲಸಿಹೋಗುತ್ತವೆ. ತಲೆಗೆ ಪೆಟ್ಟು ಬಿದ್ದವರು ಎದ್ದು ಕುಳಿತು, ಮಾತಾಡಿ, ‘ಏನೂ ಆಗಿಲ್ಲ’ ಎಂದು ಹೇಳಿ, ಕೆಲವು ಗಂಟೆಗಳ ನಂತರ ಪ್ರಜ್ಞೆ ತಪ್ಪುವುದುಂಟು. ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ತುಂಬುತ್ತಾ ಹೋದಾಗ ಆಗುವ ಅನಾಹುತ ಅದು. ಆ ಕಾಲದ ಶಸ್ತ್ರವೈದ್ಯರು ಕಣ್ಣಿನ ಪಾಪೆಯ ಗಾತ್ರ, ಕೈಕಾಲಿನ ಬಲ, ನಾಡಿಯ ಗತಿ ನೋಡಿ ರಕ್ತ ಯಾವ ಪಕ್ಕದಲ್ಲಿರಬಹುದೆಂದು ಅಂದಾಜಿಸಿ ಬುರುಡೆಗೆ ರಂಧ್ರ ಕೊರೆಯುತ್ತಿದ್ದರು. ಅಲ್ಲಿ ಸಿಗದಿದ್ದರೆ ಇನ್ನೊಂದು ಪಕ್ಕದಲ್ಲಿ ಕೊರೆಯುತ್ತಿದ್ದರು.

ಒಳಗನ್ನು ನೋಡಲೇಬೇಕೆಂಬ ಹಟದಿಂದ ಹುಟ್ಟಿದ ವಿಧಾನಗಳು ರೋಗಿಗೆ ಹಿಂಸೆಯಾಗಿದ್ದವು. ಅಮೆರಿಕದ ವಾಲ್ಟರ್ ಡ್ಯಾಂಡಿ 1918–19ರಲ್ಲಿ ಮಿದುಳಿನ ಕುಹರಗಳಿಗೆ ಗಾಳಿ ತುಂಬಿ ಎಕ್ಸ್-ರೇ ತೆಗೆಯುವ ಮಾರ್ಗ ಕಂಡುಕೊಂಡರು. ಬೆನ್ನಿಗೆ ಸೂಜಿ ಚುಚ್ಚಿ ದ್ರವ ತೆಗೆದು, ಅದರ ಜಾಗಕ್ಕೆ ಗಾಳಿ ಬಿಟ್ಟು, ರೋಗಿಯನ್ನು ಅತ್ತಿತ್ತ ತಿರುಗಿಸುತ್ತಾ ಚಿತ್ರ ತೆಗೆಯುತ್ತಿದ್ದರು. ತಲೆ ಸಿಡಿಯುವ ನೋವು, ವಾಂತಿ ದಿನಗಟ್ಟಲೆ ಇರುತ್ತಿದ್ದವು. ಇಷ್ಟೆಲ್ಲ ಮಾಡಿದರೂ ಗಡ್ಡೆ ಕಾಣುತ್ತಿರಲಿಲ್ಲ. ಗಡ್ಡೆ ಒತ್ತಿದ್ದರಿಂದ ಕುಹರದ ಆಕಾರ ಎಲ್ಲಿ ಸೊಟ್ಟಗಾಗಿದೆ ಎಂಬುದಷ್ಟೇ ಕಾಣುತ್ತಿತ್ತು. 1927ರಲ್ಲಿ ಪೋರ್ಚುಗಲ್‌ನ ಎಗಾಸ್ ಮೊನಿಸ್ ರಕ್ತನಾಳಕ್ಕೆ ಎಕ್ಸ್-ರೇಯಲ್ಲಿ ಎದ್ದು ಕಾಣುವ ದ್ರವ ಹಾಯಿಸಿ ಚಿತ್ರ ತೆಗೆದರು. ಅದರಲ್ಲೂ ಗಡ್ಡೆಯನ್ನು ಊಹಿಸಬೇಕಿತ್ತು, ನಾಳಗಳು ಪಕ್ಕಕ್ಕೆ ಸರಿದಿರುವುದನ್ನು ನೋಡಿ. ಅರ್ಧ ಶತಮಾನ ನರವೈದ್ಯರು ಕೆಲಸ ಮಾಡಿದ್ದು ಈ ಪರೋಕ್ಷ ಸುಳಿವುಗಳನ್ನು ನಂಬಿಕೊಂಡೇ.

ಲಾಸ್ ಏಂಜಲೀಸ್‌ನ ನರವೈದ್ಯ ವಿಲಿಯಂ ಓಲ್ಡೆನ್‌ಡಾರ್ಫ್ ಅವರಿಗೆ ಗಾಳಿ ತುಂಬುವ ಆ ಪರೀಕ್ಷೆ ಮಾಡಲು ಮನಸ್ಸೇ ಒಗ್ಗುತ್ತಿರಲಿಲ್ಲ. ಆಟಿಕೆ ರೈಲಿನ ಹಳಿ, ಫೋನೋಗ್ರಾಫ್‌ನ ತಿರುಗುತಟ್ಟೆ, ಪ್ಲಾಸ್ಟಿಕ್ ತುಂಡಿನಲ್ಲಿ ನೆಟ್ಟ ಮೊಳೆಗಳು, ಇಷ್ಟನ್ನೇ ಜೋಡಿಸಿ ಅವರು 1961ರಲ್ಲಿ ಒಂದು ಸಂಗತಿ ತೋರಿಸಿದರು: ವಸ್ತುವನ್ನು ತಿರುಗಿಸುತ್ತಾ ಎಲ್ಲ ಕೋನಗಳಿಂದ ಕಿರಣ ಹಾಯಿಸಿದರೆ, ಸುತ್ತಲಿನ ಮೊಳೆಗಳ ಮರೆಯಲ್ಲಿರುವ ಒಳಗಿನ ಮೊಳೆಯ ಜಾಗವನ್ನು ಪತ್ತೆಹಚ್ಚಬಹುದು. ಎಕ್ಸ್-ರೇ ಯಂತ್ರ ತಯಾರಿಸುವ ಕಂಪನಿಯೊಂದು ಅವರ ಪ್ರಸ್ತಾಪವನ್ನು ತಳ್ಳಿಹಾಕಿತು. ತಲೆಯ ಅಡ್ಡಸೀಳಿನ ಚಿತ್ರವೊಂದನ್ನು ಬಿಟ್ಟು ಬೇರೇನೂ ಕೊಡದ ಇಷ್ಟು ದುಬಾರಿ ಯಂತ್ರವನ್ನು ಯಾರು ಕೊಳ್ಳುತ್ತಾರೆ ಎಂಬುದು ಅದರ ಉತ್ತರದ ಸಾರಾಂಶ.

ಇದರ ಗಣಿತ ಬೇರೊಂದು ದಿಕ್ಕಿನಿಂದ ಬಂತು. 1956ರಲ್ಲಿ ಕೇಪ್‌ಟೌನ್‌ನ ಗ್ರೋಟ್ ಶೂರ್ ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆಯ ಮೇಲ್ವಿಚಾರಣೆಗೆ ಭೌತವಿಜ್ಞಾನಿ ಬೇಕಾಗಿ, ವಿಶ್ವವಿದ್ಯಾಲಯದ ಅಧ್ಯಾಪಕ ಅಲನ್ ಕಾರ್ಮಾಕ್ ಅರೆಕಾಲಿಕವಾಗಿ ಅಲ್ಲಿಗೆ ಹೋದರು. ದೇಹದ ಒಳಗೆಲ್ಲ ಒಂದೇ ಸಾಂದ್ರತೆ ಇದೆಯೆಂಬಂತೆ ಡೋಸ್ ಲೆಕ್ಕ ಹಾಕುತ್ತಿದ್ದುದನ್ನು ಕಂಡು ಅವರಿಗೆ ಸಮಾಧಾನವಾಗಲಿಲ್ಲ. ಹೊರಗಿನ ಅಳತೆಗಳಿಂದ ಒಳಗಿನ ಸಾಂದ್ರತೆ ಕಂಡುಹಿಡಿಯುವ ಲೆಕ್ಕವನ್ನು 1963 ಮತ್ತು 1964ರಲ್ಲಿ ಪ್ರಕಟಿಸಿದರು. ವೈದ್ಯಲೋಕ ತಿರುಗಿಯೂ ನೋಡಲಿಲ್ಲ. ಲೇಖನದ ಪ್ರತಿ ಕೇಳಿ ಬಂದ ಪತ್ರಗಳಲ್ಲಿ ಅವರ ನೆನಪಿನಲ್ಲಿ ಉಳಿದದ್ದು ಸ್ವಿಟ್ಜರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರದ್ದು. ಬೆಟ್ಟದ ಮೇಲಿನ ಹಿಮರಾಶಿಯನ್ನು ಅಳೆಯಲು ಅವರಿಗೆ ಅದು ಬೇಕಿತ್ತು. ಇದೇ ಸಮಸ್ಯೆಯನ್ನು ಆಸ್ಟ್ರಿಯಾದ ಯೋಹಾನ್ ರಾಡಾನ್ 1917ರಲ್ಲೇ ಶುದ್ಧ ಗಣಿತವಾಗಿ ಬಿಡಿಸಿಟ್ಟಿದ್ದರು ಎಂಬುದು ಕಾರ್ಮಾಕ್‌ಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಸಿ.ಟಿ. ಯಂತ್ರವನ್ನು ಕೊನೆಗೂ ಕಟ್ಟಿದವರು ಗಾಡ್‌ಫ್ರೆ ಹೌನ್ಸ್‌ಫೀಲ್ಡ್. 1919ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಹುಟ್ಟಿ, ಹೊಲ-ಗದ್ದೆಗಳ ಯಂತ್ರಗಳ ನಡುವೆ ಬೆಳೆದವರು. ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಯುದ್ಧಕಾಲದಲ್ಲಿ ವಾಯುಪಡೆಯಲ್ಲಿ ರಾಡಾರ್ ಕಲಿತು, ಆಮೇಲೆ ಇ.ಎಂ.ಐ. ಕಂಪನಿ ಸೇರಿ ಟ್ರಾನ್ಸಿಸ್ಟರ್ ಕಂಪ್ಯೂಟರ್ ಕಟ್ಟಿದರು. ಇ.ಎಂ.ಐ. ಎಂದರೆ ಗ್ರಾಮಫೋನ್ ತಟ್ಟೆಗಳ ಕಂಪನಿ. ಬೀಟಲ್ಸ್ ಹಾಡುಗಳ ಲಾಭದಿಂದಲೇ ಸ್ಕ್ಯಾನರ್ ಹುಟ್ಟಿತೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಕೇಳಲು ಚೆನ್ನಾಗಿದೆ, ಆದರೆ ಸರಿಯಲ್ಲ. ಕಂಪನಿ ಹಾಕಿದ್ದಕ್ಕಿಂತ ಹೆಚ್ಚು ಹಣ ಕೊಟ್ಟದ್ದು ಬ್ರಿಟನ್ನಿನ ಆರೋಗ್ಯ ಇಲಾಖೆ. ಜನರ ತೆರಿಗೆಯ ದುಡ್ಡಿನಿಂದ ಆದ ಕೆಲಸದ ಕೀರ್ತಿ ಆ ಜನರಿಗೇ ಸಲ್ಲಬೇಕು ಎಂದು ನನಗನಿಸುತ್ತದೆ.

1967ರ ಸುಮಾರಿಗೆ ಹೌನ್ಸ್‌ಫೀಲ್ಡ್ ಅವರಿಗೆ ಹೊಳೆದ ಆಲೋಚನೆಯನ್ನು ಹೀಗೆ ತಿಳಿಯಬಹುದು. ಅಡಿಕೆ ತೋಟದ ಅಂಚಿನಲ್ಲಿ ಒಂದೇ ಕಡೆ ನಿಂತರೆ ಮುಂದಿನ ಮರ ಹಿಂದಿನದನ್ನು ಮರೆಮಾಡುತ್ತದೆ. ಬೇಲಿಯ ಗುಂಟ ಸುತ್ತು ಹಾಕುತ್ತಾ ಪ್ರತಿ ಕೋನದಿಂದ ನೋಡಿ ಬರೆದಿಟ್ಟುಕೊಂಡರೆ ಒಳಗೆ ಹೋಗದೆಯೇ ಪ್ರತಿ ಮರದ ಜಾಗ ಗುರುತಿಸಬಹುದು. ಅವರ ಮೊದಲ ಪ್ರಯೋಗದಲ್ಲಿ ಇದ್ದದ್ದು ಹಳೆಯ ಲೇತ್ ಯಂತ್ರದ ಹಾಸು ಮತ್ತು ಅಮೆರಿಸಿಯಂ ಎಂಬ ವಿಕಿರಣಶೀಲ ಧಾತುವಿನ ದುರ್ಬಲ ಗಾಮಾ ಕಿರಣ. ಒಂದು ಚಿತ್ರಕ್ಕೆ ಬೇಕಾದ 28,000 ಅಳತೆಗಳನ್ನು ತೆಗೆಯಲು ಒಂಬತ್ತು ದಿನ ಹಿಡಿಯಿತು, ಅದನ್ನು ಲೆಕ್ಕ ಹಾಕಲು ದೊಡ್ಡ ಕಂಪ್ಯೂಟರಿಗೆ ಎರಡೂವರೆ ಗಂಟೆ. ಎಕ್ಸ್-ರೇ ಕೊಳವೆ ಹಾಕಿದ ಮೇಲೆ ಒಂಬತ್ತು ದಿನ ಒಂಬತ್ತು ಗಂಟೆಗೆ ಇಳಿಯಿತು. ಸಂರಕ್ಷಿಸಿಟ್ಟ ಮಾನವ ಮಿದುಳಿನಲ್ಲಿ ಚಿತ್ರ ಬಹಳ ಸ್ಪಷ್ಟವಾಗಿ ಬಂತು. ಆದರೆ ಫಾರ್ಮಲಿನ್ ದ್ರಾವಣ ವ್ಯತ್ಯಾಸಗಳನ್ನು ಹಿಗ್ಗಿಸಿ ತೋರಿಸುತ್ತಿದೆ ಎಂದು ತಿಳಿದಾಗ ಅವರು ಅದನ್ನು ನೆಚ್ಚಿಕೊಳ್ಳಲಿಲ್ಲ. ಕಸಾಯಿಖಾನೆಯಿಂದ ಎತ್ತಿನ ತಾಜಾ ಮಿದುಳು ತರಿಸಿ ಮತ್ತೆ ಶುರುಮಾಡಿದರು. ಅದನ್ನು ಹೊತ್ತು ಜನರ ನಡುವೆ ಸಾರ್ವಜನಿಕ ವಾಹನದಲ್ಲಿ ಲಂಡನ್ ದಾಟಿದ್ದನ್ನು ಅವರು ಮುಂದೆ ನೆನೆಸಿಕೊಂಡಿದ್ದಾರೆ. ಅನುಕೂಲವಾಗಿದ್ದ ಫಲಿತಾಂಶವನ್ನು ಅನುಮಾನಿಸಿದ ಆ ಪ್ರಾಮಾಣಿಕತೆಯೇ ಈ ಕಥೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುತ್ತದೆ.

1971ರ ಅಕ್ಟೋಬರ್ 1ರಂದು ವಿಂಬಲ್ಡನ್‌ನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್ ಜೇಮ್ಸ್ ಆಂಬ್ರೋಸ್ ಅವರ ಮೇಲ್ವಿಚಾರಣೆಯಲ್ಲಿ ಮೊದಲ ರೋಗಿಯ ಸ್ಕ್ಯಾನ್ ನಡೆಯಿತು. ಮಿದುಳಿನ ಮುಂಭಾಗದಲ್ಲಿ ಗಡ್ಡೆ ಇರಬಹುದೆಂಬ ಶಂಕೆಯಿದ್ದ ಮಹಿಳೆ ಆಕೆ. ರಬ್ಬರ್ ಟೊಪ್ಪಿಗೆ ತೊಡಿಸಿದ ತಲೆಯನ್ನು ನೀರು ತುಂಬಿದ ಪೆಟ್ಟಿಗೆಯೊಳಕ್ಕೆ ಇರಿಸಬೇಕಿತ್ತು. ಯಂತ್ರ ಒಂದೊಂದೇ ಡಿಗ್ರಿ ತಿರುಗುತ್ತಾ 180 ಕೋನಗಳಿಂದ ಅಳತೆ ತೆಗೆಯಿತು. ಅಳತೆಗಳನ್ನು ದಾಖಲಿಸಿದ ಟೇಪನ್ನು ಲಂಡನ್ನಿನ ಇನ್ನೊಂದು ಭಾಗದಲ್ಲಿದ್ದ ಇ.ಎಂ.ಐ. ಕಂಪ್ಯೂಟರಿಗೆ ಒಯ್ದು, ಚಿತ್ರ ಕೈಗೆ ಬರುವಾಗ ಎರಡು ದಿನ ಕಳೆದಿತ್ತು. 80 ಅಡ್ಡಸಾಲು, 80 ಉದ್ದಸಾಲು, ಅಷ್ಟೇ ಚುಕ್ಕಿಗಳ ಒರಟು ಚಿತ್ರ. ಅದರಲ್ಲಿ ದುಂಡನೆಯ ಗಡ್ಡೆ ನಿಚ್ಚಳವಾಗಿತ್ತು. ಶಸ್ತ್ರವೈದ್ಯರು ಬುರುಡೆ ತೆರೆದಾಗ ಅದು ಚಿತ್ರದಲ್ಲಿದ್ದ ಜಾಗದಲ್ಲೇ ಇತ್ತು.

ಅದೇ 1971ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಇದನ್ನು ಕನ್ನಡದ ಓದುಗರು ತಿಳಿದಿರಬೇಕು. ಜಿ.ಎನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿ ಬೆಳೆದವರು, ಕೊಲ್ಲಾಜೆನ್ ಪ್ರೋಟೀನಿನ ರಚನೆ ಬಿಡಿಸಿ ಹೆಸರಾದವರು. ಆ ಸುಮಾರಿಗೆ ಅವರು ಸಂಸ್ಥೆಗೆ ಮರಳಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು. ಎ.ವಿ. ಲಕ್ಷ್ಮೀನಾರಾಯಣನ್ ಜೊತೆಗೂಡಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಕಿರಣದ ಅಳತೆಗಳಿಂದ ಚಿತ್ರ ಕಟ್ಟಲು ಅಲ್ಲಿಯವರೆಗೆ ಬಳಸುತ್ತಿದ್ದ ಸುತ್ತುಬಳಸಿನ ಲೆಕ್ಕದ ಬದಲು, ವೇಗವಾಗಿಯೂ ನಿಖರವಾಗಿಯೂ ಚಿತ್ರ ಕೊಡುವ ಹೊಸ ವಿಧಾನವನ್ನು ಅದರಲ್ಲಿ ಕೊಟ್ಟಿದ್ದರು. ಹೌನ್ಸ್‌ಫೀಲ್ಡ್ ಅವರ ಮೊದಲ ಚಿತ್ರಗಳು ಬೇರೆ ಲೆಕ್ಕದಿಂದ ಬಂದವು, ನಿಜ. ಆದರೆ ಮುಂದೆ ದಶಕಗಳ ಕಾಲ ಸಿ.ಟಿ. ಯಂತ್ರಗಳಲ್ಲಿ ಆಳಿದ್ದು ಈ ಬಗೆಯ ವಿಧಾನ. ಎಂಜಿನಿಯರಿಂಗ್ ಪಠ್ಯಗಳಲ್ಲಿ ಇಂದಿಗೂ ‘ರಾಮ್-ಲ್ಯಾಕ್ ಫಿಲ್ಟರ್’ ಎಂಬ ಹೆಸರಿದೆ. 1979ರ ನೊಬೆಲ್ ಕಾರ್ಮಾಕ್ ಮತ್ತು ಹೌನ್ಸ್‌ಫೀಲ್ಡ್ ಅವರಿಗೆ ಸಂದಿತು. ರಾಮಚಂದ್ರನ್ ಅವರಿಗೆ ಯಾವ ನೊಬೆಲ್ಲೂ ಬರಲಿಲ್ಲ. ನಮ್ಮ ಶಾಲಾಪುಸ್ತಕಗಳಾದರೂ ಅವರನ್ನು ಮಕ್ಕಳಿಗೆ ಪರಿಚಯಿಸಬೇಕು.

ಸಿ.ಟಿ. ನೀಡುವುದು ಮೂಲತಃ ಸಂಖ್ಯೆಗಳನ್ನು. ನೀರಿಗೆ 0, ಗಾಳಿಗೆ ಮೈನಸ್ 1000. ಮಿದುಳಿನ ಬಿಳಿಭಾಗ 20–30ರ ಆಸುಪಾಸು, ಬೂದುಭಾಗ 35–45, ಆಗತಾನೆ ಹೆಪ್ಪುಗಟ್ಟಿದ ರಕ್ತ 50–70. ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿದದ್ದರಿಂದಲೇ ಅಪಘಾತದಲ್ಲಿ ಸೋರಿದ ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ. ಲಕ್ವ ಹೊಡೆದವರ ಪಾಲಿಗೂ ಇದು ಪ್ರಾಣದ ಪ್ರಶ್ನೆ. ನಾಳ ಕಟ್ಟಿಕೊಂಡು ಲಕ್ವ ಆಗಿದ್ದರೆ ಹೆಪ್ಪು ಕರಗಿಸುವ ಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬಹುದು. ನಾಳ ಒಡೆದು ಆಗಿದ್ದರೆ ಅದೇ ಮದ್ದು ಕೊಲ್ಲಬಹುದು. ಹೊರಗಿನಿಂದ ನೋಡಿ ಇವೆರಡನ್ನು ಬೇರ್ಪಡಿಸಲಾಗದು.

ಚಿತ್ರ ಸಿಕ್ಕರೆ ಸಾಲದು, ಅದನ್ನು ಓದುವುದನ್ನೂ ಕಲಿಯಬೇಕು. ಇದರ ಪಾಠ ನಮ್ಮ ನೆರೆಯಲ್ಲೇ ಇದೆ. ಭಾರತಕ್ಕೆ ಸಿ.ಟಿ. ಬಂದಾಗ ಫಿಟ್ಸ್ ಇರುವ ಅನೇಕರ ಮಿದುಳಿನಲ್ಲಿ ಒಂದೇ ಒಂದು ಪುಟ್ಟ ಗಂಟು ಕಾಣಿಸತೊಡಗಿತು. ಕ್ಷಯರೋಗ ಹೆಚ್ಚಿರುವ ದೇಶವಾದ್ದರಿಂದ ಅದು ಕ್ಷಯದ ಗಂಟೆಂದೇ ಬಹಳ ವೈದ್ಯರು ಬಗೆದು, ರೋಗಿಗಳಿಗೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಟ್ಟರು. ಗಂಟು ಮಾಯವಾದಾಗ ಮಾತ್ರೆಯ ಫಲ ಎಂದುಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಆ ಗಂಟಿನ ತುಣುಕು ತೆಗೆದು ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದ ಫಲಿತಾಂಶ ಈ ನಂಬಿಕೆಯನ್ನು ಕೆಡವಿತು. ಅವುಗಳಲ್ಲಿ ಬಹುಪಾಲು ಲಾಡಿಹುಳುವಿನ ಮರಿಯು ಮಿದುಳಿನಲ್ಲಿ ಸತ್ತು ಉಂಟಾದ ಗಂಟುಗಳು. ಎಷ್ಟೋ ಸಲ ಅವು ತಾವಾಗಿಯೇ ಕರಗುತ್ತವೆ. ಬೇಡದ ಮಾತ್ರೆಯಿಂದ, ಬೇಡದ ಆಪರೇಷನ್ನಿನಿಂದ ಎಷ್ಟೋ ರೋಗಿಗಳು ಪಾರಾದದ್ದು ಈ ಕೆಲಸದಿಂದ.

ಸಿ.ಟಿ.ಗೆ ಕಾಣದ ಪೆಟ್ಟೂ ಇದೆ. 1956ರಲ್ಲಿ ಇಂಗ್ಲೆಂಡಿನ ರೋಗವಿಜ್ಞಾನಿ ಸಬಿನಾ ಸ್ಟ್ರಿಚ್, ತಲೆಗೆ ಪೆಟ್ಟು ಬಿದ್ದ ಮೇಲೆ ಬುದ್ಧಿ ಮರಳದೆಯೇ ತೀರಿಕೊಂಡ ಕೆಲವರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬುರುಡೆ ಮುರಿದಿರಲಿಲ್ಲ, ದೊಡ್ಡ ಹೆಪ್ಪೂ ಇರಲಿಲ್ಲ. ಆದರೆ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನರತಂತುಗಳು ಎಲ್ಲೆಡೆ ಹಾಳಾಗಿದ್ದವು. ತಲೆ ರಭಸದಿಂದ ತಿರುಗಿದಾಗ ಒಳಗಿನ ತಂತುಗಳು ಎಳೆತಕ್ಕೆ ಸಿಕ್ಕಿ ಕೆಡುತ್ತವೆ. ಬದುಕಿರುವವರಲ್ಲಿ ಇದನ್ನು ಕಾಣಲು ಎಂ.ಆರ್.ಐ. ಬೇಕಾಯಿತು. 1973ರಲ್ಲಿ ಪಾಲ್ ಲಾಟರ್‌ಬರ್ ಅದರ ಮೊದಲ ಚಿತ್ರ ಪ್ರಕಟಿಸಿದರು. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್‌ಗೂ 2003ರಲ್ಲಿ ನೊಬೆಲ್ ಬಂತು. ಮಿದುಳಿನೊಳಗೆ ನೀರಿನ ಕಣಗಳು ಹೇಗೆ ಚಲಿಸುತ್ತವೆ ಎಂಬುದನ್ನು 1980ರ ದಶಕದಲ್ಲಿ ಫ್ರಾನ್ಸಿನ ಡೆನಿ ಲ ಬಿಯಾನ್ ಎಂ.ಆರ್.ಐ.ಯಿಂದಲೇ ಚಿತ್ರಿಸಿದರು. ನೀರು ತಂತುವಿನ ಗುಂಟ ಸಲೀಸಾಗಿ, ಅಡ್ಡಲಾಗಿ ಕಷ್ಟದಿಂದ ಚಲಿಸುತ್ತದೆ. 1994ರಲ್ಲಿ ಪೀಟರ್ ಬ್ಯಾಸರ್ ಮತ್ತು ಸಂಗಡಿಗರು ಈ ದಿಕ್ಕನ್ನು ಲೆಕ್ಕಕ್ಕೆ ತಂದ ಮೇಲೆ, ಸಾಮಾನ್ಯ ಸ್ಕ್ಯಾನ್‌ಗಳಲ್ಲಿ ಕಾಣದ ತಂತುಗಳ ಹಾನಿಯನ್ನು ಅಳೆಯುವುದು ಸಾಧ್ಯವಾಯಿತು. ಆದರೂ ಒಬ್ಬ ರೋಗಿಯ ಮುಂದಿನ ಬದುಕು ಹೀಗೇ ಇರುತ್ತದೆ ಎಂದು ಈ ಚಿತ್ರ ನೋಡಿ ಖಚಿತವಾಗಿ ಹೇಳುವ ಹಂತ ಇನ್ನೂ ಬಂದಿಲ್ಲ.

2006ರಲ್ಲಿ ಕೇಂಬ್ರಿಡ್ಜ್‌ನ ಏಡ್ರಿಯನ್ ಓವನ್ ತಂಡ ಪ್ರಕಟಿಸಿದ ಒಂದು ಪ್ರಯೋಗ ಎಲ್ಲರನ್ನೂ ತಡೆದು ನಿಲ್ಲಿಸಿತು. ರಸ್ತೆ ಅಪಘಾತದ ನಂತರ ಕಣ್ಣು ತೆರೆದಿದ್ದರೂ ಯಾವುದಕ್ಕೂ ಸ್ಪಂದಿಸದೆ ಮಲಗಿದ್ದ 23 ವರ್ಷದ ಯುವತಿಗೆ, ಎಂ.ಆರ್.ಐ. ಯಂತ್ರದೊಳಗೆ, ‘ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಿ’ ಎಂದರು. ಆಮೇಲೆ ‘ನಿಮ್ಮ ಮನೆಯೊಳಗೆ ಕೋಣೆಯಿಂದ ಕೋಣೆಗೆ ಓಡಾಡುತ್ತಿರುವಂತೆ ಕಲ್ಪಿಸಿಕೊಳ್ಳಿ’ ಎಂದರು. ಆರೋಗ್ಯವಂತರ ಮಿದುಳಿನಲ್ಲಿ ಯಾವ ಭಾಗಗಳು ಚುರುಕಾಗುತ್ತವೆಯೋ ಆಕೆಯಲ್ಲೂ ಅವೇ ಚುರುಕಾದವು. ಪ್ರಜ್ಞೆಯೇ ಇಲ್ಲವೆಂದು ಬಗೆದಿದ್ದ ಆಕೆಗೆ ಮಾತು ಕೇಳುತ್ತಿತ್ತು.

ಈ ನೂರಕ್ಕೂ ಹೆಚ್ಚು ವರ್ಷಗಳ ಹಾದಿಯಲ್ಲಿ ಪ್ರತಿ ಹೊಸ ಯಂತ್ರವೂ ಹಿಂದಿನ ಯಂತ್ರ ‘ಏನೂ ಇಲ್ಲ’ ಎಂದ ಕಡೆ ಏನೋ ಇರುವುದನ್ನು ತೋರಿಸಿದೆ. ಆದ್ದರಿಂದ ‘ಸಿ.ಟಿ. ನಾರ್ಮಲ್’ ಎಂಬ ವರದಿಗೆ ಇರುವ ಅರ್ಥ ಇಷ್ಟೇ: ಈ ಗಳಿಗೆಯಲ್ಲಿ ಆಪರೇಷನ್ ಬೇಡುವ ರಕ್ತಸ್ರಾವ ಕಾಣುತ್ತಿಲ್ಲ. ಅಪಘಾತವಾಗಿ ಬಂದವರು ತಿಂಗಳುಗಟ್ಟಲೆ ಮರೆವು, ತಲೆಸುತ್ತು, ಸಿಟ್ಟು, ಯಾವುದರಲ್ಲೂ ಗಮನ ನಿಲ್ಲದಿರುವುದು ಎಂದು ಹೇಳಿಕೊಂಡಾಗ, ವರದಿ ತೋರಿಸಿ ‘ನಿನಗೇನೂ ಆಗಿಲ್ಲ, ನಾಟಕ ಮಾಡಬೇಡ’ ಎನ್ನುವ ಮನೆಗಳು, ಕಚೇರಿಗಳು ನಮ್ಮಲ್ಲಿ ಬಹಳ ಇವೆ. ಇದು ಆ ಮನುಷ್ಯನಿಗೆ ಬೀಳುವ ಎರಡನೆಯ ಪೆಟ್ಟು.

ತಲೆಗೆ ಪೆಟ್ಟು ಬಿದ್ದವರಿಗೆ ಮೇಲಿಂದ ಮೇಲೆ ವಾಂತಿಯಾದರೆ, ತಲೆನೋವು ಏರುತ್ತಾ ಹೋದರೆ, ಮಂಪರು ಹೆಚ್ಚಿದರೆ, ಮಾತು ತೊದಲಿದರೆ, ‘ಮಲಗಿ ಎದ್ದರೆ ಸರಿಹೋಗುತ್ತದೆ’ ಎನ್ನದೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ. ಮೊದಲ ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಈ ಲಕ್ಷಣಗಳು ಹೊಸದಾಗಿ ಬಂದರೆ ಮತ್ತೆ ಹೋಗಿ. ಹಳೆಯ ಫಿಲ್ಮು, ಸಿ.ಡಿ.ಗಳನ್ನು ಎಸೆಯಬೇಡಿ, ಮುಂದಿನ ವೈದ್ಯರಿಗೆ ಹೋಲಿಸಿ ನೋಡಲು ಅವು ಬೇಕು. ಮರೆವು, ತಲೆಸುತ್ತಿನಂಥ ತೊಂದರೆ ತಿಂಗಳ ಮೇಲೂ ಉಳಿದರೆ ನರವೈದ್ಯರನ್ನು ಕಾಣಿ, ಜೊತೆಗೆ ಮನೆಯವರೊಬ್ಬರೂ ಹೋಗಿ. ಬದಲಾವಣೆ ಏನೆಂದು ರೋಗಿಗಿಂತ ಚೆನ್ನಾಗಿ ಹೇಳಬಲ್ಲವರು ಅವರೇ.