ಮಾನಸ ಸರೋವರ: ಹೆಸರಿನ ಹಿಂದಿನ ಕಥೆ

ನೆರೂಳಿನಿಂದ ಪನವೇಲಿಗೆ ಸಾಗುವ ರೈಲುಮಾರ್ಗದಲ್ಲಿ ಖಾರಘರದ ಮುಂದಿನ ನಿಲ್ದಾಣಕ್ಕೆ ಮಾನಸರೋವರವೆಂದು ಹೆಸರು. ನಾವು ಆಗಾಗ ಕೇಳುವ ಈ ಹೆಸರಿನ ಮೂಲವು ಹಿಮಾಲಯದ ಆಚೆ, ಟಿಬೆಟ್ಟಿನಲ್ಲಿದೆ.

ಅಲ್ಲಿ ಕೈಲಾಸಪರ್ವತದ ದಕ್ಷಿಣಕ್ಕೆ, ಸಮುದ್ರಮಟ್ಟದಿಂದ ಸುಮಾರು 4,590 ಮೀಟರು ಎತ್ತರದಲ್ಲಿ, ಸಿಹಿನೀರಿನ ಮಾನಸ ಸರೋವರವಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರಕ್ಕೆ ಇದು ಎರಡು ಪಟ್ಟಿಗೂ ಮಿಗಿಲು. ಸರೋವರದ ವಿಸ್ತಾರ ಸುಮಾರು 410 ಚದರ ಕಿಲೋಮೀಟರು. ಚಳಿಗಾಲದಲ್ಲಿ ಅದರ ನೀರು ಹೆಪ್ಪುಗಟ್ಟುವುದು.

ಹೆಸರಿನ ಕಥೆಯು ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಬರುತ್ತದೆ. ಗಂಗೆಯನ್ನು ದಾಟುವಾಗ ನೀರಿನ ಭೋರ್ಗರೆತವನ್ನು ಕೇಳಿದ ರಾಮನು ಅದರ ಕಾರಣವನ್ನು ವಿಶ್ವಾಮಿತ್ರರಲ್ಲಿ ಕೇಳುತ್ತಾನೆ. ಸರಯೂ ನದಿಯು ಗಂಗೆಯನ್ನು ಕೂಡುವ ಸದ್ದು ಅದೆಂದು ತಿಳಿಸುತ್ತ ಮಹರ್ಷಿಗಳು ಹಳೆಯ ವೃತ್ತಾಂತವನ್ನು ಹೇಳುತ್ತಾರೆ: ಬ್ರಹ್ಮನು ಕೈಲಾಸದಲ್ಲಿ ತನ್ನ ಮನಸ್ಸಿನಿಂದಲೇ ಸರಸ್ಸೊಂದನ್ನು ನಿರ್ಮಿಸಿದನು. ಮನಸ್ಸಿನಿಂದ ಹುಟ್ಟಿದ್ದರಿಂದ ಅದು ‘ಮಾನಸ’. ಆ ಸರಸ್ಸಿನಿಂದ ಹೊರಟುದರಿಂದ ನದಿಯು ‘ಸರಯೂ’.

ಟಿಬೆಟ್ಟಿನವರು ಇದೇ ಸರೋವರವನ್ನು ‘ಮಾಫಮ್’, ಎಂದರೆ ಸೋಲರಿಯದುದು, ಎನ್ನುತ್ತಾರೆ. ಬೌದ್ಧಯೋಗಿ ಮಿಲರೇಪನು ಬೋನ್ ಮತದ ಪುರೋಹಿತನನ್ನು ಪವಾಡಗಳ ಪಂದ್ಯದಲ್ಲಿ ಗೆದ್ದ ಕಥೆಯೊಡನೆ ಆ ಹೆಸರನ್ನು ಕೂಡಿಸುವುದುಂಟು.

ಭೂಗೋಳಶಾಸ್ತ್ರವು ಏನನ್ನುತ್ತದೆ? ಸರಯೂ ನದಿಯು ನೇರವಾಗಿ ಈ ಸರೋವರದಿಂದ ಹೊರಡುವುದಿಲ್ಲ. ಆದರೆ ಅಯೋಧ್ಯೆಯ ಬಳಿ ಸರಯೂ ಎನಿಸುವ ಪ್ರವಾಹಕ್ಕೆ ನೀರುಣಿಸುವ ಕರ್ನಾಲಿ ನದಿಯು ಸರೋವರಕ್ಕೆ ಸಮೀಪದ ಬೆಟ್ಟಗಳಲ್ಲಿಯೇ ಜನಿಸುತ್ತದೆ. ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರಾ ನದಿಗಳ ಉಗಮವೂ ಅದೇ ಸೀಮೆಯಲ್ಲಿ.

ಆದುದರಿಂದ ಪುರಾಣಕಥೆಯನ್ನು ನಾವು ಭೂಪಟವೆಂದು ನಂಬಬೇಕಾಗಿಲ್ಲ, ಪೊಳ್ಳೆಂದು ತಳ್ಳಲೂಬಾರದು. ನದಿಗಳ ತವರು ಯಾವ ದಿಕ್ಕಿನಲ್ಲಿದೆಯೆಂಬ ಹಿರಿಯರ ಅರಿವು ಅದರಲ್ಲಿ ಉಳಿದುಬಂದಿದೆ. ಹೆಸರೊಂದು ಕಿವಿಗೆ ಬಿದ್ದಾಗ, ರಾಮನಂತೆ ನಾವೂ ಕಾರಣವನ್ನು ಕೇಳೋಣ.