ಅಂಗಿ ಮಾರಿದವರ ಜಿಮ್ ಲೆಕ್ಕ

ಜಿಮ್ ಮಾಲೀಕನಿಗೆ ಹೆಚ್ಚು ಲಾಭ ತರುವ ಸದಸ್ಯ ಯಾರು ಗೊತ್ತೇ? ಜನವರಿಯಲ್ಲಿ ವರ್ಷದ ಹಣ ಕಟ್ಟಿ, ಫೆಬ್ರವರಿ ಹೊತ್ತಿಗೆ ಅತ್ತ ತಲೆ ಹಾಕುವುದನ್ನೇ ಬಿಟ್ಟವನು. ಅವನಿಂದ ಯಂತ್ರ ಸವೆಯುವುದಿಲ್ಲ, ತರಬೇತುದಾರನ ಹೊತ್ತೂ ಹೋಗುವುದಿಲ್ಲ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಜಿಮ್‌ಗಳ ಹಾಜರಿ ಪಟ್ಟಿ ಹಿಡಿದು ಕೂತು, 2006ರಲ್ಲಿ ಅದನ್ನು ಅಂಕಿಗಳಲ್ಲೇ ತೋರಿಸಿದರು. ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕಟ್ಟುತ್ತಿದ್ದವರು ಹೋಗುತ್ತಿದ್ದದ್ದು ಸರಾಸರಿ 4.3 ಸಲ. ಅಂದರೆ ಒಂದೊಂದು ಭೇಟಿಗೆ 17 ಡಾಲರ್‌ಗೂ ಹೆಚ್ಚು ಬಿತ್ತು. ಹತ್ತು ಭೇಟಿಯ ಪಾಸ್ ಕೊಂಡಿದ್ದರೆ ತಲಾ 10 ಡಾಲರ್‌ನಲ್ಲಿ ಮುಗಿಯುತ್ತಿತ್ತು!

ಸದಸ್ಯ ಬಾರದಿದ್ದರೆ ಲಾಭ ಎನ್ನುವ ಈ ವ್ಯಾಪಾರದಲ್ಲಿ, ಅವನನ್ನು ಮತ್ತೆ ಮತ್ತೆ ಬರಿಸಿಯೇ ಹಣ ಮಾಡುತ್ತೇವೆಂದು 2016ರಲ್ಲಿ ಬೆಂಗಳೂರಿನಲ್ಲಿ ಕಂಪನಿ ತೆರೆದವರು ಮುಕೇಶ್ ಬನ್ಸಲ್. ಅದಕ್ಕೆ ಮುಂಚೆ ಅವರು ಜಿಮ್ ನಡೆಸಿದವರಲ್ಲ, ಬಟ್ಟೆ ಮಾರಿದವರು.

ಬನ್ಸಲ್ ಹರಿದ್ವಾರದವರು. 1997ರಲ್ಲಿ ಕಾನ್ಪುರದ ಐಐಟಿಯಿಂದ ಕಂಪ್ಯೂಟರ್ ಸೈನ್ಸ್ ಪದವಿ ಪಡೆದು ಅಮೆರಿಕಕ್ಕೆ ಹೋದರು. ಷಿಕಾಗೊದಲ್ಲಿ ಡೆಲಾಯ್ಟ್, ಆಮೇಲೆ ಸಿಲಿಕಾನ್ ವ್ಯಾಲಿಯ ಒಂದೆರಡು ಸ್ಟಾರ್ಟಪ್‌ಗಳು ಎಂದು ದುಡಿದು, 2007ರಲ್ಲಿ ವಾಪಸಾಗಿ ಅಶುತೋಷ್ ಲವಾನಿಯಾ, ವಿನೀತ್ ಸಕ್ಸೇನಾ ಜೊತೆಗೂಡಿ ಬೆಂಗಳೂರಿನಲ್ಲಿ ಮಿಂತ್ರ ಆರಂಭಿಸಿದರು. ಆಗ ಮಿಂತ್ರದಲ್ಲಿ ಸಿಗುತ್ತಿದ್ದದ್ದು ಫ್ಯಾಷನ್ ಅಲ್ಲ. ಫೋಟೊ, ಹೆಸರು ಅಚ್ಚು ಹಾಕಿಸಿಕೊಳ್ಳುವ ಮಗ್ಗು, ಟೀಶರ್ಟು, ಕ್ಯಾಲೆಂಡರು. ಹುಟ್ಟುಹಬ್ಬಕ್ಕೋ ಮದುವೆಯ ವಾರ್ಷಿಕೋತ್ಸವಕ್ಕೋ ಒಂದು ಮಗ್ಗು ಕೊಂಡವರು ಮುಂದಿನ ವಾರ ಮತ್ತೊಂದು ಕೊಳ್ಳುತ್ತಾರೆಯೇ? ಹೀಗಾಗಿ ಕೆಲವೇ ವರ್ಷಗಳಲ್ಲಿ ಕಂಪನಿ ಆ ವ್ಯಾಪಾರ ಬಿಟ್ಟು ಬ್ರ್ಯಾಂಡೆಡ್ ಉಡುಪು, ಚಪ್ಪಲಿ, ಷೂಗಳ ಕಡೆ ಹೊರಳಿತು. ಹೆಸರು ಮಾಡಿದ್ದು ಆಮೇಲೆ. 2014ರ ಮೇ ತಿಂಗಳಲ್ಲಿ ಫ್ಲಿಪ್‌ಕಾರ್ಟ್ ಮಿಂತ್ರವನ್ನು ಕೊಂಡಿತು. ಬನ್ಸಲ್ ಫ್ಲಿಪ್‌ಕಾರ್ಟ್‌ನ ಹಿರಿಯ ಆಡಳಿತ ಬಳಗಕ್ಕೂ ಸೇರಿದರು.

ಮರುವರ್ಷ ಮಿಂತ್ರ ವಿಚಿತ್ರವೊಂದನ್ನು ಮಾಡಿತು. 2015ರ ಮೇ ತಿಂಗಳಲ್ಲಿ ತನ್ನ ವೆಬ್‌ಸೈಟನ್ನೇ ಮುಚ್ಚಿ, ಇನ್ನು ಆ್ಯಪ್‌ನಲ್ಲಿ ಮಾತ್ರ ವ್ಯಾಪಾರ ಎಂದಿತು. ಹೇಗೂ ಬಹುಪಾಲು ಗಿರಾಕಿಗಳು ಮೊಬೈಲ್‌ನಲ್ಲೇ ಬರುತ್ತಿದ್ದರು, ಉಳಿದವರೂ ಬಂದೇ ಬರುತ್ತಾರೆ ಎಂಬ ಎಣಿಕೆ. ಆದರೆ ಕಚೇರಿಯ ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಕುರ್ತಾ ನೋಡಿ ಅಭ್ಯಾಸವಾದವರು ಜಗ್ಗಲಿಲ್ಲ. ಅಂಥವರಿಗೆ ಬೇರೆ ಅಂಗಡಿಗಳಿಗೇನು ಬರ? 2016ರ ಜೂನ್‌ನಲ್ಲಿ ವೆಬ್‌ಸೈಟ್ ಮರಳಿತು. ಬನ್ಸಲ್ ಅಷ್ಟರಲ್ಲಿ ಅಲ್ಲಿರಲಿಲ್ಲ, ಫೆಬ್ರವರಿಯಲ್ಲೇ ಹೊರಬಿದ್ದಿದ್ದರು.

ಫ್ಲಿಪ್‌ಕಾರ್ಟ್‌ನಲ್ಲಿ ಜೊತೆಗಿದ್ದ ಅಂಕಿತ್ ನಾಗೋರಿಯೊಂದಿಗೆ ಅವರು ಕಟ್ಟಿದ್ದೇ ಕ್ಯೂರ್‌ಫಿಟ್. ಬಾಗಿಲು ತೆರೆಯುವ ಮೊದಲೇ 1.5 ಕೋಟಿ ಡಾಲರ್ ಬಂಡವಾಳ ಕೈಗೆ ಬಂದಿತ್ತು. ಕೊಟ್ಟವರಲ್ಲಿ ಮಿಂತ್ರಕ್ಕೆ ಹಣ ಹಾಕಿ ಫಲ ಉಂಡ ಹಳಬರೂ ಇದ್ದರು. ರಿಷಭ್ ತೆಲಂಗ್ ಮತ್ತು ದೀಪಕ್ ಪೊದುವಾಳ್ ಬೆಂಗಳೂರಿನಲ್ಲಿ ನಡೆಸುತ್ತಿದ್ದ ‘ಕಲ್ಟ್’ ತರಬೇತಿ ಕೇಂದ್ರವನ್ನು ಕ್ಯೂರ್‌ಫಿಟ್ ಕೊಂಡಿತು. ಮುಂದೆ ಇಡೀ ಕಂಪನಿಗೆ ಆ ಹೆಸರೇ ನಿಂತಿತು.

ಕಲ್ಟ್‌ನಲ್ಲಿ ಟ್ರೆಡ್‌ಮಿಲ್‌ಗಳ ಸಾಲು ಇರಲಿಲ್ಲ. ಆ್ಯಪ್‌ನಲ್ಲಿ ಜಾಗ ಕಾದಿರಿಸಿ, ಹೇಳಿದ ಗಂಟೆಗೆ ಹೋಗಿ, ಹತ್ತಾರು ಜನರ ನಡುವೆ ಬಾಕ್ಸಿಂಗೋ ಯೋಗವೋ ಡಾನ್ಸೋ ಮಾಡಬೇಕು. ಕಾದಿರಿಸಿ ಕೈಕೊಟ್ಟರೆ ದಂಡ. ಯಾರು ಯಾವ ತರಗತಿಗೆ ಎಷ್ಟು ಸಲ ಬಂದರು, ಯಾರು ಮೂರು ವಾರದಿಂದ ನಾಪತ್ತೆ ಎಂಬುದೆಲ್ಲ ಕಂಪನಿಗೆ ಗೊತ್ತು. ಬಟ್ಟೆ ವ್ಯಾಪಾರದಲ್ಲಿ ಕಲಿತ ಈ ಕಣ್ಣೇ ಬನ್ಸಲ್ ಜಿಮ್‌ಗೆ ತಂದ ನಿಜವಾದ ಬಂಡವಾಳ ಎನ್ನಬೇಕು. ಹೃತಿಕ್ ರೋಷನ್ ಅವರ ಎಚ್‌ಆರ್‌ಎಕ್ಸ್ ಕೂಡ ಜೊತೆಗೇ ಬಂತು: ಮಿಂತ್ರದಲ್ಲಿ ಅದು ಉಡುಪಿನ ಬ್ರ್ಯಾಂಡು, ಕಲ್ಟ್‌ನಲ್ಲಿ ಒಂದು ವ್ಯಾಯಾಮದ ತರಗತಿ.

ಆದರೆ ರಿಯಾಯಿತಿ ಕೊಟ್ಟು ಅಂಗಿ ಮಾರಿದಷ್ಟು ಸುಲಭವಾಗಿ ಯಾರನ್ನೂ ಬೆಳಗಿನ ಆರಕ್ಕೆ ಎಬ್ಬಿಸಲಾಗದು. ಅಂಗಿಯನ್ನು ಒಂದೇ ಗೋದಾಮಿನಿಂದ ಊರೂರಿಗೆ ಕಳಿಸಬಹುದು. ತರಬೇತಿ ಕೇಂದ್ರಕ್ಕೆ ಬಡಾವಣೆಗೊಂದು ಬಾಡಿಗೆ, ಒಬ್ಬೊಬ್ಬ ತರಬೇತುದಾರನ ಸಂಬಳ. 2020ರ ಲಾಕ್‌ಡೌನ್‌ನಲ್ಲಿ ಜಿಮ್‌ಗಳಿಗೆ ಬೀಗ ಬಿದ್ದು, ಆಗಸ್ಟ್‌ವರೆಗೆ ತೆರೆಯಲು ಅನುಮತಿಯೇ ಸಿಗದಿದ್ದಾಗ ಈ ಲೆಕ್ಕ ಕಂಪನಿಯನ್ನು ಹಿಂಡಿತು. ನೂರಾರು ಜನ ಕೆಲಸ ಕಳೆದುಕೊಂಡರು, ತರಗತಿಗಳು ಮೊಬೈಲ್ ಪರದೆಗೆ ಬಂದವು. ಊಟದ ವಿಭಾಗ ಈಟ್.ಫಿಟ್ ಬೇರೆಯಾಗಿ ನಾಗೋರಿಯವರ ಕೈ ಸೇರಿತು.

2021ರಲ್ಲಿ ಟಾಟಾ ಡಿಜಿಟಲ್ 7.5 ಕೋಟಿ ಡಾಲರ್ ಹೂಡುವುದಾಗಿ ಹೇಳಿ, ಬನ್ಸಲ್ ಅವರನ್ನೂ ಅಧ್ಯಕ್ಷ ಹುದ್ದೆಗೆ ಕರೆದುಕೊಂಡಿತು. ಹೀಗೆ ಅವರು ಮತ್ತೆ ಅಂಗಡಿಗೇ ಬಂದಂತಾಯಿತು. ಟಾಟಾದ ಹತ್ತಾರು ವ್ಯಾಪಾರಗಳನ್ನು ಒಂದೇ ಆ್ಯಪ್‌ನಲ್ಲಿ ಕೂಡಿಸುವ ಟಾಟಾ ನ್ಯೂ 2022ರ ಏಪ್ರಿಲ್‌ನಲ್ಲಿ ಅದ್ದೂರಿಯಾಗಿ ಶುರುವಾಯಿತು, ನಿರೀಕ್ಷಿಸಿದ ವೇಗ ಹಿಡಿಯಲಿಲ್ಲ. 2023ರಲ್ಲಿ ಬನ್ಸಲ್ ಅಲ್ಲಿನ ದೈನಂದಿನ ಹೊಣೆಯಿಂದ ಹಿಂದೆ ಸರಿದರು.

ಇತ್ತ ಕಲ್ಟ್ 2022ರಲ್ಲಿ ಗೋಲ್ಡ್ಸ್ ಜಿಮ್‌ನ ಭಾರತದ ವ್ಯವಹಾರವನ್ನು ಕೊಂಡಿತ್ತು. ಯಂತ್ರಗಳಿಲ್ಲದ ಜಿಮ್ ಎಂದು ಹೊರಟವರು ಡಂಬೆಲ್, ಟ್ರೆಡ್‌ಮಿಲ್‌ಗಳ ಹಳೆಯ ಜಿಮ್‌ಗೇ ಬಂದರು. ಗುಂಪಿನಲ್ಲಿ ಕುಣಿಯಲು ಒಲ್ಲದ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತನ್ನಷ್ಟಕ್ಕೆ ಭಾರ ಎತ್ತುವ ಗಿರಾಕಿಯೂ ಬೇಕಲ್ಲ! ಕಲ್ಟ್‌ಸ್ಪೋರ್ಟ್ ಹೆಸರಿನಲ್ಲಿ ಕಂಪನಿ ಈಗ ಟೀಶರ್ಟು, ಷೂ, ಮನೆ ಬಳಕೆಯ ಟ್ರೆಡ್‌ಮಿಲ್ಲುಗಳನ್ನೂ ಮಾರುತ್ತದೆ. ಮುಖ್ಯ ಕಾರ್ಯನಿರ್ವಾಹಕರ ಕುರ್ಚಿ ನರೇಶ್ ಕೃಷ್ಣಸ್ವಾಮಿ ಅವರಿಗೆ ಹೋಯಿತು. ಬನ್ಸಲ್ 2024ರಲ್ಲಿ ನ್ಯೂರಿಕ್ಸ್ ಎಐ ಎಂಬ ಹೊಸ ಕಂಪನಿ ಶುರುಮಾಡಿದ್ದಾರೆ. ಈ ಸಲ ಬಟ್ಟೆಯೂ ಅಲ್ಲ, ವ್ಯಾಯಾಮವೂ ಅಲ್ಲ, ಗಿರಾಕಿಗಳೊಂದಿಗೆ ಮಾತಾಡುವ ಕೃತಕ ಬುದ್ಧಿಮತ್ತೆ.