ತಂಬಾಕು ಬಿಟ್ಟವರ ಹೊಟ್ಟೆಯ ಸಂಕಟ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿಗೆ ಸೇರಿದ ಸುಲೇಪೇಟದಲ್ಲಿ ನಮ್ಮ ಬಂಧುಗಳೊಬ್ಬರಿರುವರು. ತೊಗರಿಯ ಹೊಲವುಳ್ಳ ಗೃಹಸ್ಥರು. ವಯಸ್ಸು ಐವತ್ತನ್ನು ದಾಟಿದೆ. ಇಪ್ಪತ್ತೈದು ವರ್ಷಗಳಿಂದ ಅಂಗೈಯಲ್ಲಿ ತಂಬಾಕು ಸುಣ್ಣಗಳನ್ನು ತಿಕ್ಕಿ ದವಡೆಯಲ್ಲಿರಿಸಿಕೊಂಡವರು. ನಡುನಡುವೆ ಬೀಡಿಯನ್ನೂ ಸೇದಿದವರು. ಕಳೆದ ವರ್ಷ ಅವರ ಕೆನ್ನೆಯ ಒಳಭಾಗದಲ್ಲಿ ಬಿಳಿಯ ಮಚ್ಚೆಯೊಂದು ಕಾಣಿಸಿತು. ಇಂಥ ಮಚ್ಚೆ ಕಾಲಾಂತರದಲ್ಲಿ ಅರ್ಬುದವಾಗಿ ಪರಿಣಮಿಸಬಹುದೆಂದು ವೈದ್ಯರು ಎಚ್ಚರಿಸಿ, ತಂಬಾಕನ್ನು ಬಿಡಲು ಸಹಾಯವಾಗಲೆಂದು ನಿಕೋಟಿನ್ ಗಮ್ ಎಂಬ ಅಗಿಯುವ ಔಷಧವನ್ನು ಬರೆದುಕೊಟ್ಟರು. ಮೂರು ದಿನ ಕಳೆಯುವುದರೊಳಗೆ ಬಿಕ್ಕಳಿಕೆ, ಎದೆಯುರಿ, ಓಕರಿಕೆಗಳು ಆರಂಭವಾದುವು. ಐದನೆಯ ದಿನ ಅವರು ಔಷಧವನ್ನು ಮೂಲೆಗೆಸೆದು, "ಇದಕ್ಕಿಂತ ನನ್ನ ತಂಬಾಕೇ ಲೇಸು, ಅದೆಂದೂ ನನ್ನ ಹೊಟ್ಟೆಯನ್ನು ಕೆಡಿಸಲಿಲ್ಲ" ಎಂದು ಹಳೆಯ ಚಂಚಿಗೆ ಕೈ ಹಾಕಿದರು.

ಮನೆಯಾಕೆ ಅತ್ತಳು. ಆದರೆ ಆತನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಹೊಟ್ಟೆ ಕೆಟ್ಟುದು ನಿಜ. ಅದು ಕೆಡಲು ಕಾರಣವೇನೆಂಬುದನ್ನು ಯಾರೂ ಅವರಿಗೆ ತಿಳಿಸಿರಲಿಲ್ಲ, ಅಷ್ಟೆ.

ಈ ಔಷಧದ ಹುಟ್ಟು ಸ್ವೀಡನ್ ದೇಶದಲ್ಲಿ. 1967ರಲ್ಲಿ ಲುಂಡ್ ನಗರದ ಶರೀರಶಾಸ್ತ್ರಜ್ಞ ಕ್ಲಾಸ್ ಲುಂಡ್‌ಗ್ರೆನ್ ಎಂಬವರು, ಜಲಾಂತರ್ಗಾಮಿ ಹಡಗುಗಳಲ್ಲಿ ಧೂಮಪಾನ ಮಾಡಲಾಗದ ನಾವಿಕರು ಬಾಯಿತಂಬಾಕಿನಿಂದಲೇ ತೃಪ್ತಿಪಡುತ್ತಿದ್ದುದನ್ನು ಕಂಡು, ಹೆಲ್ಸಿಂಗ್‌ಬೋರಿಯ ಔಷಧ ಸಂಸ್ಥೆಯೊಂದರಲ್ಲಿದ್ದ ಊವೆ ಫೆರ್ನೋ ಎಂಬ ರಸಾಯನಜ್ಞರಿಗೆ ಪತ್ರ ಬರೆದರು. ಫೆರ್ನೋ ಅವರು ಹಲವು ವರ್ಷ ದುಡಿದು ಅಂಟಿನೊಳಗೆ ನಿಕೋಟಿನನ್ನು ಸೇರಿಸಿದರು; 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದು ಮಾರಾಟಕ್ಕೆ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿಯೂ, ಭಾರತ ಸರಕಾರವು 2022ರಲ್ಲಿಯೂ ಇಂಥ ಚಿಕಿತ್ಸೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿವೆ.

ಕುತೂಹಲದ ಸಂಗತಿಯೊಂದಿದೆ. ನಮ್ಮ ಕಡೆಯವರು ತಂಬಾಕಿಗೆ ಸುಣ್ಣವನ್ನೇಕೆ ಬೆರೆಸುವರು? ರುಚಿಗೆಂದು ಅವರು ಹೇಳಿಯಾರು. ವಾಸ್ತವವಾಗಿ ಸುಣ್ಣವು ಕ್ಷಾರ, ಬಾಯಿ ಕ್ಷಾರಮಯವಾಗಿದ್ದರೆ ನಿಕೋಟಿನ್ ಕೆನ್ನೆಯ ಒಳಪೊರೆಯ ಮೂಲಕ ಸುಲಭವಾಗಿ ರಕ್ತವನ್ನು ಸೇರುತ್ತದೆ, ಹುಳಿಯಾಗಿದ್ದರೆ ಸೇರಲೊಲ್ಲದು. ಗಮ್ಮಿನಲ್ಲಿಯೂ ಇದೇ ಉದ್ದೇಶದಿಂದ ಸೋಡಿಯಂ ಕಾರ್ಬೊನೇಟ್ ಎಂಬ ಕ್ಷಾರವನ್ನು ಬೆರೆಸಿರುತ್ತಾರೆ. ಸುಲೇಪೇಟದ ರೈತನ ಅಂಗೈಯೂ ಸ್ವೀಡನ್ನಿನ ಪ್ರಯೋಗಶಾಲೆಯೂ ಒಂದೇ ಸೂತ್ರವನ್ನು ಅನುಸರಿಸಿದುವೆಂದರೆ ತಪ್ಪಾಗಲಾರದು.

ಎರಡಕ್ಕೂ ಇರುವ ಭೇದವು ಉಗುಳಿನಲ್ಲಿದೆ. ತಂಬಾಕನ್ನು ಹಾಕಿಕೊಂಡವನು ಉಗುಳುತ್ತಾನೆ. ಗಮ್ಮನ್ನು ಅಗಿಯುವವನು ನುಂಗುತ್ತಾನೆ. ನಮ್ಮ ಬಂಧುಗಳು ಎಲೆಯಡಕೆಯನ್ನು ಜಗಿದಂತೆ ಅದನ್ನು ಎಡೆಬಿಡದೆ ಜಗಿದಿದ್ದರು. ಹಾಗೆ ಮಾಡಿದರೆ ನಿಕೋಟಿನ್ ಒಮ್ಮೆಲೇ ಬಿಡುಗಡೆಯಾಗಿ, ಕೆನ್ನೆಯು ಹೀರಲಾರದಷ್ಟು ಜೊಲ್ಲಿನಲ್ಲಿ ಬೆರೆತು ಹೊಟ್ಟೆಗಿಳಿಯುತ್ತದೆ. ಗಂಟಲು, ಅನ್ನನಾಳ, ಜಠರಗಳನ್ನು ಅದು ಕೆರಳಿಸುವುದರಿಂದ ಬಿಕ್ಕಳಿಕೆಯೂ ಓಕರಿಕೆಯೂ ಹುಟ್ಟುತ್ತವೆ. ಅನ್ನನಾಳದ ಕೆಳತುದಿಯಲ್ಲಿ ಬಾಗಿಲಿನಂತಿರುವ ಸ್ನಾಯುವು ನಿಕೋಟಿನಿನಿಂದ ಸಡಿಲಗೊಳ್ಳುವುದರಿಂದ ಜಠರದ ಹುಳಿಯು ಮೇಲಕ್ಕೇರಿ ಎದೆಯುರಿಯಾಗುತ್ತದೆ. ಇಷ್ಟೆಲ್ಲ ಸಂಕಟಕ್ಕೆ ಪ್ರತಿಫಲವಾದರೂ ಉಂಟೇ ಎಂದರೆ ಅದೂ ಇಲ್ಲ. ನುಂಗಿದ ನಿಕೋಟಿನಿನ ಹೆಚ್ಚಿನ ಪಾಲನ್ನು ಯಕೃತ್ತು ಮೊದಲೇ ಒಡೆದುಬಿಡುವುದರಿಂದ ತಂಬಾಕಿನ ಬಯಕೆ ಇದ್ದಂತೆಯೇ ಇರುತ್ತದೆ. ಬಯಕೆ ಅಡಗಲಿಲ್ಲವೆಂದು ಮನುಷ್ಯನು ಇನ್ನೊಂದನ್ನು ಬಾಯಿಗೆ ಹಾಕುತ್ತಾನೆ. ಹೊಟ್ಟೆ ಮತ್ತಷ್ಟು ಕೆಡುತ್ತದೆ.

ಸರಿಯಾದ ಕ್ರಮವು ಬೇರೆ. ಗಮ್ಮನ್ನು ನಿಧಾನವಾಗಿ ಕೆಲವು ಸಲ ಮಾತ್ರ ಜಗಿಯಬೇಕು. ಖಾರದ ರುಚಿಯೋ ನಾಲಗೆಯ ಚುರುಗುಟ್ಟುವಿಕೆಯೋ ಕಂಡೊಡನೆ ನಿಲ್ಲಿಸಿ, ತಂಬಾಕನ್ನಿಡುತ್ತಿದ್ದಂತೆಯೇ ಕೆನ್ನೆಗೂ ವಸಡಿಗೂ ನಡುವೆ ಇಟ್ಟುಕೊಳ್ಳಬೇಕು. ಚುರುಕು ಅಡಗಿದ ಮೇಲೆ ಮತ್ತೆ ಜಗಿದು, ಈ ಸಲ ಇನ್ನೊಂದು ಕಡೆ ಇಡಬೇಕು. ಹೀಗೆ ಒಂದು ತುಂಡು ಅರ್ಧ ಗಂಟೆ ಬಾಳುತ್ತದೆ. ಎಷ್ಟೋ ವರ್ಷ ದವಡೆಯಲ್ಲಿ ತಂಬಾಕನ್ನಿರಿಸಿಕೊಂಡವರಿಗೆ ಇದನ್ನು ಕಲಿಸಬೇಕಾದುದೇ ಇಲ್ಲ, ಹೇಳಿದರೆ ಸಾಕು.

ಊಟದ ವಿಷಯವನ್ನು ಗೃಹಿಣಿಯರು ವಿಶೇಷವಾಗಿ ಲಕ್ಷಿಸಬೇಕು. ನಮ್ಮ ಸೀಮೆಯಲ್ಲಿ ಜೋಳದ ರೊಟ್ಟಿಗೆ ಪುಂಡಿಪಲ್ಯವಿಲ್ಲದಿದ್ದರೆ ಊಟವೇ ಸೇರದು, ಪುಂಡಿಯಾದರೋ ಹುಳಿಸೊಪ್ಪು. ಅದರ ಮೇಲೆ ಮಜ್ಜಿಗೆ ಅಥವಾ ನಿಂಬೆಯ ಪಾನಕ. ಉಂಡು ಕೈತೊಳೆದೊಡನೆ ತಂಬಾಕಿನ ನೆನಪಾಗುವುದು ಸಹಜವಾದುದರಿಂದ ಗಮ್ಮೂ ಆಗಲೇ ಬಾಯಿಗೆ ಬೀಳುತ್ತದೆ. ಬಾಯಿಯ ಹುಳಿಯು ಗಮ್ಮಿನ ಕ್ಷಾರವನ್ನು ಕೊಲ್ಲುತ್ತದೆ. ನಿಕೋಟಿನ್ ಕೆನ್ನೆಯಲ್ಲಿ ಇಂಗದೆ ನೇರವಾಗಿ ಹೊಟ್ಟೆಗೆ ಹೋಗುತ್ತದೆ. ಬಾಯಿ ಮುಕ್ಕಳಿಸಿ ಕಾಲು ಗಂಟೆ ತಡೆದರೆ ಈ ತೊಂದರೆಯಿಲ್ಲ. ಕಾಫಿ, ಹಣ್ಣಿನ ರಸ, ಸೀಸೆಯ ಸೋಡಾ ಪಾನೀಯಗಳಿಗೂ ಇದೇ ನಿಯಮ. ಗಮ್ಮು ಬಾಯಲ್ಲಿರುವಾಗ ಏನನ್ನೂ ತಿನ್ನಬಾರದು, ಕುಡಿಯಬಾರದು.

ಎಲ್ಲ ದೋಷವನ್ನೂ ನಿಕೋಟಿನಿನ ಮೇಲೆ ಹೊರಿಸುವುದೂ ನ್ಯಾಯವಲ್ಲ. ಅನೇಕ ಗಮ್ಮುಗಳಲ್ಲಿ ಸಕ್ಕರೆಗೆ ಬದಲಾಗಿ ಸಾರ್ಬಿಟಾಲ್, ಝೈಲಿಟಾಲ್ ಮೊದಲಾದ ಸಿಹಿದ್ರವ್ಯಗಳಿರುತ್ತವೆ. ದಿನಕ್ಕೆ ಬಹಳ ತುಂಡುಗಳಾದರೆ ಇವು ಹೊಟ್ಟೆಯುಬ್ಬರವನ್ನೂ ಭೇದಿಯನ್ನೂ ಉಂಟುಮಾಡಬಲ್ಲವು. ಜಗಿಯುವಾಗ ನುಂಗಿದ ಗಾಳಿಯೂ ಉಬ್ಬರಕ್ಕೆ ಕಾರಣ. ಇದಕ್ಕೆ ವಿರುದ್ಧವಾಗಿ ಕೆಲವರಿಗೆ ಮಲಬದ್ಧತೆಯಾಗುತ್ತದೆ. ಅದು ಔಷಧದ ದೋಷವಲ್ಲ, ತಂಬಾಕನ್ನು ಬಿಟ್ಟುದರ ಫಲ. ನಿಕೋಟಿನಿನ ಚೋದನೆಗೆ ಒಗ್ಗಿದ ಕರುಳು ಅದಿಲ್ಲದೆ ಕೆಲವು ವಾರ ಮಂದವಾಗುತ್ತದೆ. ನೀರು, ಸೊಪ್ಪು, ಮೊಳಕೆ ಕಾಳು, ಜೋಳದ ರೊಟ್ಟಿಗಳಿದ್ದರೆ ತಾನಾಗಿ ಸರಿಹೋಗುವುದು. ಬೀಡಿ ಬಿಟ್ಟವರಲ್ಲಿ ಮತ್ತೊಂದು ವಿಶೇಷವುಂಟು. ಹೊಗೆಯಲ್ಲಿನ ಕೆಲವು ದ್ರವ್ಯಗಳು ಕೆಫೀನನ್ನು ಯಕೃತ್ತು ಬೇಗನೆ ಒಡೆಯುವಂತೆ ಮಾಡುತ್ತಿದ್ದುವು. ಹೊಗೆ ನಿಂತ ಮೇಲೆ ಮೊದಲಿನಷ್ಟೇ ಚಹಾ ಕುಡಿದರೂ ರಕ್ತದಲ್ಲಿ ಕೆಫೀನು ಹೆಚ್ಚಾಗಿ, ತಳಮಳವೂ ನಿದ್ರಾಭಂಗವೂ ಆಗುತ್ತವೆ. ಚಹಾವನ್ನು ಅರ್ಧಕ್ಕಿಳಿಸುವುದು ಒಳ್ಳೆಯದು.

ಗಮ್ಮು 2 ಮತ್ತು 4 ಮಿಲಿಗ್ರಾಂ ಪ್ರಮಾಣಗಳಲ್ಲಿ ದೊರೆಯುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸೇದುವಿಕೆ ಬೇಕಾಗುತ್ತಿದ್ದವರಿಗೆ ಹೆಚ್ಚಿನ ಪ್ರಮಾಣವನ್ನು ಸೂಚಿಸುವುದು ವಾಡಿಕೆ. ಅದರಿಂದ ಸಂಕಟವಾದರೆ ವೈದ್ಯರನ್ನು ಕೇಳಿ ಕಡಿಮೆಯದಕ್ಕೆ ಬರಬಹುದು. ಚೀಪುವ ಬಿಲ್ಲೆಯೂ ಉಂಟು. ಅದನ್ನು ಕಡಿದು ನುಂಗಿದರೆ ಗಮ್ಮಿನ ಗತಿಯೇ. ಹೊಟ್ಟೆ ಬಹು ಸೂಕ್ಷ್ಮವಾಗಿರುವವರಿಗೆ ಚರ್ಮಕ್ಕೆ ಅಂಟಿಸುವ ಪಟ್ಟಿಯು ಹಿತವಾದೀತು. ಅದರಲ್ಲಿ ನುಂಗುವ ಪ್ರಶ್ನೆಯಿಲ್ಲ, ಆದರೆ ಅಂಟಿಸಿದ ಕಡೆ ತುರಿಕೆಯೂ ರಾತ್ರಿ ವಿಚಿತ್ರ ಕನಸುಗಳೂ ಬರಬಹುದು. ಜಠರದಲ್ಲಿ ಹುಣ್ಣುಳ್ಳವರು, ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಯಾವುದನ್ನೂ ಮುಟ್ಟಬಾರದು. ವಾಂತಿ ನಿಲ್ಲದಿದ್ದರೆ, ತಣ್ಣನೆಯ ಬೆವರು, ತಲೆಸುತ್ತು, ಎದೆ ಹೊಡೆದುಕೊಳ್ಳುವಿಕೆಗಳು ಕಂಡರೆ, ಮಲವು ಕರ್ರಗಾದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಕ್ಕಳಿಗಂತೂ ಇದು ವಿಷ. ಜಗಿದುಳಿದ ಚೂರಿನಲ್ಲಿಯೂ ನಿಕೋಟಿನ್ ಇರುವುದರಿಂದ ಕಾಗದದಲ್ಲಿ ಸುತ್ತಿ ಅವರ ಕೈಗೆ ಸಿಗದಂತೆ ಎಸೆಯಬೇಕು.

ಇಷ್ಟು ಪಾಡುಪಟ್ಟು ಪ್ರಯೋಜನವುಂಟೇ? ಧೂಮಪಾನಿಗಳ ವಿಷಯದಲ್ಲಿ ಸಂಶಯವಿಲ್ಲ: ಇಂಥ ಚಿಕಿತ್ಸೆಯಿಂದ ವ್ಯಸನವನ್ನು ಬಿಡುವ ಸಂಭವವು ಸುಮಾರು ಅರ್ಧದಷ್ಟು ಹೆಚ್ಚುವುದೆಂದು 2018ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯು ತೋರಿಸಿದೆ. ಜಗಿಯುವ ತಂಬಾಕಿನ ವಿಷಯದಲ್ಲಿ ಗಮ್ಮಿನ ಪರವಾದ ಪ್ರಮಾಣವು ಅಷ್ಟು ಬಲವಾಗಿಲ್ಲ. ಬಿಲ್ಲೆಗಳಿಂದ ಕೊಂಚ ಉಪಯೋಗ ಕಂಡಿದೆ. 2016–17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 8.8 ಮಂದಿ ಸೇದುವವರು, 16.3 ಮಂದಿ ಹೊಗೆಯಿಲ್ಲದ ತಂಬಾಕಿನವರು. ಆದುದರಿಂದ ನಮ್ಮ ನಾಡಿಗೆ ಔಷಧದಷ್ಟೇ ಆಪ್ತಸಲಹೆಯೂ ಅಗತ್ಯವೆಂದು ನನಗೆ ತೋರುತ್ತದೆ. 1800-11-2356 ಎಂಬ ಸರಕಾರದ ಉಚಿತ ದೂರವಾಣಿಯಲ್ಲಿ ಅಂಥ ಸಲಹೆ ದೊರೆಯುತ್ತದೆ; ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಕಾರ್ಯದಲ್ಲಿ ಸೇರಿದೆ.

ನಮ್ಮ ಬಂಧುಗಳನ್ನು ಮಗಳು ಮತ್ತೆ ವೈದ್ಯರ ಬಳಿಗೆ ಕರೆದೊಯ್ದಳು. ಈ ಸಲ ಜಗಿಯುವ ಬಗೆಯನ್ನು ಅವರು ಎದುರಿಗೇ ಕುಳ್ಳಿರಿಸಿ ತೋರಿಸಿದರಂತೆ. ಬಿಕ್ಕಳಿಕೆ ನಾಲ್ಕೇ ದಿನಗಳಲ್ಲಿ ನಿಂತಿತು. ಎದೆಯುರಿಯು ಪುಂಡಿಪಲ್ಯದ ದಿನ ಮಾತ್ರ ಕಾಡುತ್ತದೆ. ಮೂರನೆಯ ತಿಂಗಳಿಗೆ ದಿನಕ್ಕೆ ಎರಡು ತುಂಡುಗಳಿಗೆ ಇಳಿದಿದ್ದಾರೆ. ಮಚ್ಚೆಯನ್ನು ತೋರಿಸಲು ಕಲಬುರಗಿಗೆ ಮತ್ತೆ ಹೋಗಬೇಕಾಗಿದೆ. ಉಂಡೆದ್ದ ಕೂಡಲೇ ಬಲಗೈ ಈಗಲೂ ಚಂಚಿಯನ್ನು ಹುಡುಕುತ್ತದೆಂದು ಮನೆಯಾಕೆ ಹೇಳುತ್ತಾಳೆ. ಚಂಚಿಯಲ್ಲಿ ಅವಳು ಸೋಂಪು ತುಂಬಿಸಿಟ್ಟಿದ್ದಾಳೆ.